ಮನೆಯೊಳಗೇ ಕೂತು ಮನೆ ಕೇಳುವವರು

ರೋಜಾ ಅಂದರೆ ಗುಲಾಬಿ ಹೂವಲ್ಲ. ರೌಜಾ ಎಂದರೆ ತೋಟ, ಸಮಾಧಿಯ ಜಾಗ. 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ದರ್ಗಾದ ಸುತ್ತ ಬೆಳೆದ ಕಲಬುರಗಿಯ ಈ ಬಡಾವಣೆಯ ಗಲ್ಲಿಗಳು ಹೊಸಬರನ್ನು ಹಗಲಲ್ಲೇ ದಾರಿ ತಪ್ಪಿಸುತ್ತವೆ.

ಇಲ್ಲಿಯ ಒಂದು ಮಹಡಿ ಬಾಡಿಗೆ ಮನೆಯಿಂದ ನಮ್ಮ ಬಳಗದವರೊಬ್ಬರ ಆಯಿ ಒಂದು ರಾತ್ರಿ ಹೊರಬಿದ್ದರು. ಬೆಳಗಿನ ಜಾವ ಸಿಕ್ಕಿದ್ದು ಹುಮನಾಬಾದ್ ರಸ್ತೆಯಲ್ಲಿ, ಬರಿಗಾಲಲ್ಲಿ. "ಎಲ್ಲಿಗಿ ಹೊಂಟೀದಿ ಆಯಿ?" ಅಂದರೆ, "ನಮ್ಮ ಮನೀಗಿ" ಅಂದರು. ಅವರು ಹುಡುಕುತ್ತಿದ್ದದ್ದು ಕಮಲಾಪುರ ಕಡೆಯ ತವರುಮನೆ. ಅದು ಬಿದ್ದು ಎಷ್ಟೋ ವರ್ಷವಾಗಿತ್ತು.

ನಮ್ಮಲ್ಲಿ ಇದಕ್ಕೆ ಹಳೆಯ ಹೆಸರು ಅರಳುಮರಳು. ಅರವತ್ತಾದರೆ ಬರುವುದೇ ಅಂತ ಬಿಟ್ಟುಬಿಡುತ್ತಿದ್ದರು, ಇಲ್ಲವೇ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಿದ್ದರು. ಇದು ಮಿದುಳಿನ ಕಾಯಿಲೆ ಎಂದು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಒಬ್ಬ ಹೆಣ್ಣುಮಗಳ ಮಿದುಳನ್ನು ಪರೀಕ್ಷಿಸಿ ತೋರಿಸಿದರು. ಡಿಮೆನ್ಷಿಯಾಕ್ಕೆ ಆಲ್ಝೈಮರ್ ದೊಡ್ಡ ಕಾರಣ, ಒಂದೇ ಕಾರಣವಲ್ಲ. ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಉಳಿಯುತ್ತದೆ. ಅದಕ್ಕೇ ಆಯಿಗೆ ನಿನ್ನೆಯ ಊಟ ನೆನಪಿಲ್ಲ, ತವರಿನ ಪಡಸಾಲೆ ಇದೆ.

ಆ ಪಡಸಾಲೆಯ ಕತೆಯೇ ಬೇರೆ. ನಮ್ಮ ಭಾಗದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮುಂದೆ ಕಟ್ಟೆ, ಒಳಗೆ ಪಡಸಾಲೆ, ಆಮೇಲೆ ಅಡುಗೆಮನೆ. ಮುದುಕರು ಕಟ್ಟೆ ಮೇಲೆ ಕೂತರೆ ಓಣಿಯೇ ಕಾವಲು. ಎದ್ದು ಹೊರಟರೆ ಯಾರಾದರೂ ಕೈಹಿಡಿದು ತಂದು ಬಿಡುತ್ತಿದ್ದರು. ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ಬೆಳಕಿಂಡಿಯಿಂದ ಬರುವಷ್ಟೇ ಬೆಳಕು, ಎಡವುವ ಹೊಸ್ತಿಲು, ಬಯಲಿಗೆ ಹೋಗುವ ಕಷ್ಟ ಇದ್ದೇ ಇತ್ತು. ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದನ್ನೂ ಕೇಳಿದ್ದೇವೆ.

ಆಮೇಲೆ ಆರ್‌ಸಿಸಿ ಬಂತು. 1985ರಲ್ಲಿ ಇಂದಿರಾ ಆವಾಸ್ ಶುರುವಾಯಿತು, 2016ರಲ್ಲಿ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಬಂದು ಮನೆಯ ಕನಿಷ್ಠ ಅಳತೆ 20ರಿಂದ 25 ಚದರ ಮೀಟರಿಗೆ ಏರಿತು. 2014ರ ನಂತರ ಶೌಚಾಲಯಗಳೂ ಬಂದವು, ಎಷ್ಟೋ ಕಡೆ ಹಿತ್ತಲ ಮೂಲೆಯಲ್ಲಿ, ದೀಪವಿಲ್ಲದೆ. ರಾತ್ರಿ ಅದನ್ನು ಹುಡುಕಲಾರದೆ ಬಟ್ಟೆ ಒದ್ದೆ ಮಾಡಿಕೊಂಡವರನ್ನು ಮನೆಮಂದಿ ಬೈಯುತ್ತಾರೆ. ತಪ್ಪು ಮುದುಕರದ್ದಲ್ಲ. ಹೊಳೆಯುವ ಟೈಲ್ಸ್ ಅವರ ಕಣ್ಣಿಗೆ ನೀರು ನಿಂತಂತೆ ಕಾಣಬಹುದು. ಒಂದೇ ಬಣ್ಣದ ನಾಲ್ಕು ಬಾಗಿಲಲ್ಲಿ ಬಚ್ಚಲು ಯಾವುದು?

ಇದಕ್ಕಿಂತ ಕೆಟ್ಟದ್ದು ಪಾಳಿ. ಆಯಿ ಒಂದು ತಿಂಗಳು ರೋಜಾದ ಹಿರಿಮಗನಲ್ಲಿ, ಒಂದು ತಿಂಗಳು ಕಮಲಾಪುರ ಕಡೆ ಕಿರಿಮಗನಲ್ಲಿ. ಮಕ್ಕಳ ಲೆಕ್ಕದಲ್ಲಿ ಇದು ನ್ಯಾಯ. ಆದರೆ ಮಂಚ, ಬಾಗಿಲು, ನೀರಿನ ಕೊಡ ಎಲ್ಲಿವೆ ಅಂತ ಕಲಿಯುವಷ್ಟರಲ್ಲಿ ಅವರನ್ನು ಬಸ್ ಹತ್ತಿಸುತ್ತಿದ್ದರು. ನಾವೂ ಅದನ್ನು ನೋಡಿ ಸುಮ್ಮನಿದ್ದೆವು.

ಭಾರತದಲ್ಲಿ ಈ ಕಾಯಿಲೆಗೆಂದೇ ಒಂದು ಸಂಘ, ಎಆರ್‌ಡಿಎಸ್‌ಐ, ಹುಟ್ಟಿದ್ದು 1992ರಲ್ಲಿ ಕೇರಳದಲ್ಲಿ. 2010ರಲ್ಲಿ ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನ ಆರೈಕೆ ಕೇಂದ್ರ ತೆರೆಯಿತು. ನೆದರ್ಲೆಂಡ್ಸಿನ ಹೊಗೆವೈಕ್‌ನಲ್ಲಿ ಅಂಗಡಿ, ಅಂಗಳ, ಓಣಿ ಇರುವ ಒಂದು ಪುಟ್ಟ ಊರನ್ನೇ ಇಂಥವರಿಗಾಗಿ ಕಟ್ಟಿದ್ದಾರೆ. ಓದಿದಾಗ ನಮಗೆ ನಗು ಬಂತು, ಕಟ್ಟೆಯನ್ನು ಮತ್ತೆ ಕಟ್ಟಿದ್ದಾರಲ್ಲ ಅಂತ. 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮದ ಮಾತಾಡುತ್ತದೆ, ಅದೂ ನಿರ್ಗತಿಕರಿಗೆ. ಮರೆವಿನವರಿಗೆ ಮನೆ ಹೇಗಿರಬೇಕು ಅಂತ ಆ ಕಲಂ ಹೇಳುವುದಿಲ್ಲ.

ಆಯಿಯ ಪಾಳಿ ಈಗ ನಿಂತಿದೆ. ಕಿರಿಮಗನ ನೆಲಮಾಳಿಗೆಯ ಮನೆಯಲ್ಲೇ ಇರುತ್ತಾರೆ, ಹಿರಿಮಗ ಖರ್ಚು ಕಳಿಸುತ್ತಾನೆ, ವಾರಕ್ಕೊಮ್ಮೆ ತಾನೇ ಬರುತ್ತಾನೆ. ಬಚ್ಚಲ ಬಾಗಿಲಿಗೆ ಕಡುನೀಲಿ ಬಣ್ಣ, ಮಂಚದಿಂದ ಅಲ್ಲಿಯವರೆಗೆ ರಾತ್ರಿಯಿಡೀ ಸಣ್ಣ ಬಲ್ಬು. ಮೆಟ್ಟಿಲ ಅಂಚಿಗೆ ಸುಣ್ಣ. ಸೆರಗಿನ ಚೀಲದಲ್ಲಿ ಮಗನ ಫೋನ್ ನಂಬರಿನ ಚೀಟಿ. ಕಿರಾಣಿ ಅಂಗಡಿಯವರಿಗೂ ಆಟೋದವರಿಗೂ ವಿಷಯ ಹೇಳಿಟ್ಟಿದ್ದಾರೆ. ಹಿರಿಯರ ಸಹಾಯವಾಣಿ 14567 ಗೋಡೆ ಮೇಲೆ ಬರೆದಿದೆ.

ಈಗಲೂ ಸಂಜೆ "ಮನೀಗಿ ಹೋಗಬೇಕು" ಅನ್ನುತ್ತಾರೆ. "ಇದೇ ನಿನ್ನ ಮನಿ" ಅಂತ ಸೊಸೆ ವಾದಿಸುವುದಿಲ್ಲ. "ಚಾ ಕುಡಿದು ಹೋಗೂಣು ಆಯಿ" ಅಂದು ಕಟ್ಟೆ ಮೇಲೆ ಪಕ್ಕದಲ್ಲಿ ಕೂರುತ್ತಾಳೆ.