ಸ್ಟೆಪ್ನಿ ಬೇರೆ ಅಳತೆಯದಾಗಿದ್ದರೆ: ಕಾರು ಇರುವ ಸದಸ್ಯರಿಗೆ ಮಾಹಿತಿ

ಈಗಿನ ಹಲವು ಕಾರುಗಳಲ್ಲಿ ರಸ್ತೆಯ ಮೇಲೆ ಓಡುವ ನಾಲ್ಕು ಚಕ್ರಗಳು ಒಂದು ಅಳತೆ, ಡಿಕ್ಕಿಯಲ್ಲಿರುವ ಐದನೆಯದು ಇನ್ನೊಂದು ಅಳತೆ. ಮೇಲಿನ ದರ್ಜೆಯ ಮಾದರಿಗೆ ದೊಡ್ಡ ಅಲಾಯ್ ಚಕ್ರ ಕೊಟ್ಟು, ಸ್ಟೆಪ್ನಿಯಾಗಿ ಕೆಳದರ್ಜೆಯ ಮಾದರಿಯ ಉಕ್ಕಿನ ಚಕ್ರವನ್ನೇ ಇಡುವುದು ನಮ್ಮ ದೇಶದಲ್ಲಿ ಸಾಮಾನ್ಯ. ಕೆಲವು ಕಾರುಗಳಲ್ಲಿ ತೀರಾ ಕಿರಿದಾದ ತಾತ್ಕಾಲಿಕ ಚಕ್ರ ಇರುತ್ತದೆ. ಅನೇಕರಿಗೆ ಇದು ತಿಳಿಯುವುದು ಪಂಕ್ಚರ್ ಆದ ದಿನವೇ. ಅಂಥ ಚಕ್ರ ಹಾಕಿಕೊಂಡು ಎಷ್ಟು ದೂರ, ಎಷ್ಟು ವೇಗದಲ್ಲಿ ಹೋಗಬಹುದು ಎಂಬುದನ್ನು ಊರು ಬಿಡುವ ಮುಂಚೆಯೇ ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ಟೈರಿನ ಬದಿಯ ಬರಹ ಓದಬೇಕು. 185/65 ಆರ್15 ಎಂದರೆ ಅಗಲ 185 ಮಿ.ಮೀ., ಬದಿಯ ಎತ್ತರ ಅಗಲದ ಶೇ. 65, ರಿಮ್ 15 ಇಂಚು. ಮುಂದೆ 88 ಎಂದಿದ್ದರೆ ಆ ಟೈರು 560 ಕೆ.ಜಿ. ಹೊರುತ್ತದೆ, 85 ಎಂದಿದ್ದರೆ 515 ಕೆ.ಜಿ. ರಿಮ್ಮಿನ ಇಂಚು ಬೇರೆ ಎಂದು ನೋಡಿದ ಕೂಡಲೇ ಹೆದರುವವರಿದ್ದಾರೆ. ನೋಡಬೇಕಾದದ್ದು ಟೈರು ಸೇರಿದ ಇಡೀ ಚಕ್ರದ ಎತ್ತರ.

ಎರಡು ಜೋಡಿ ಲೆಕ್ಕ ಹಾಕೋಣ. 185/65 ಆರ್15 ಚಕ್ರದ ಎತ್ತರ ಸುಮಾರು 621 ಮಿ.ಮೀ. 165/80 ಆರ್14 ಚಕ್ರದ್ದು ಸುಮಾರು 620. ರಿಮ್ ಒಂದಿಂಚು ಚಿಕ್ಕದಾದರೂ ಎತ್ತರ ಬಹುತೇಕ ಒಂದೇ. ಇಲ್ಲಿ ಕೊರತೆಯಿರುವುದು ಅಗಲದಲ್ಲಿ: 20 ಮಿ.ಮೀ. ಕಡಿಮೆ, ಹಾಗಾಗಿ ಮಳೆಯಲ್ಲಿ ಹಿಡಿತವೂ ಕಡಿಮೆ. ಎರಡನೆಯ ಜೋಡಿ 215/60 ಆರ್17 ಮತ್ತು 205/65 ಆರ್16. ಎತ್ತರ 690 ಮತ್ತು 673 ಮಿ.ಮೀ., ಅಂದರೆ ಶೇ. ಎರಡೂವರೆಯಷ್ಟು ವ್ಯತ್ಯಾಸ. ಚಿಕ್ಕ ಚಕ್ರ ಪ್ರತಿ ಕಿಲೋಮೀಟರಿಗೆ ಹನ್ನೊಂದು ಹನ್ನೆರಡು ಸುತ್ತು ಹೆಚ್ಚು ತಿರುಗುತ್ತದೆ.

ಈ ಹೆಚ್ಚುವರಿ ಸುತ್ತು ಎಂಜಿನ್ನಿನ ಶಕ್ತಿ ಪಡೆಯುವ ಚಕ್ರದಲ್ಲಾದರೆ ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳು ನೇರ ರಸ್ತೆಯಲ್ಲೂ ಸದಾ ತಿರುಗುತ್ತಲೇ ಇರಬೇಕಾಗುತ್ತದೆ. ಹತ್ತಿಪ್ಪತ್ತು ಕಿ.ಮೀ.ಗೆ ಏನೂ ಆಗದು. ನೂರಾರು ಕಿ.ಮೀ. ವೇಗವಾಗಿ ಓಡಿಸಿದರೆ ಬಿಸಿಯೂ ಸವೆತವೂ ಹೆಚ್ಚು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವಂಥವು. ತಿರುವು ಮತ್ತು ಬ್ರೇಕಿನ ಬಹುಪಾಲು ಹೊರೆಯೂ ಮುಂದೆಯೇ. ಆದ್ದರಿಂದ ಮುಂದಿನ ಟೈರು ಪಂಕ್ಚರ್ ಆದಾಗ ಹಿಂದಿನದೊಂದನ್ನು ಮುಂದಕ್ಕೆ ಹಾಕಿ, ಬೇರೆ ಅಳತೆಯ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವ ಕ್ರಮವಿದೆ. ಕಾರಿನ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ. ಆದರೆ ಕತ್ತಲಲ್ಲಿ, ಹೆದ್ದಾರಿಯ ಅಂಚಿನಲ್ಲಿ ಎರಡು ಸಲ ಜಾಕ್ ಎತ್ತುವುದಕ್ಕಿಂತ ಮುಂದೆಯೇ ಹಾಕಿ ನಿಧಾನವಾಗಿ ಹತ್ತಿರದ ಊರಿಗೆ ಹೋಗುವುದೇ ಮೇಲು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವಾಹನದಲ್ಲಿ ಮಾತ್ರ ಎತ್ತರದ ವ್ಯತ್ಯಾಸವನ್ನು ಹಗುರವಾಗಿ ನೋಡಬಾರದು. ಎಬಿಎಸ್ ಅಥವಾ ಗಾಳಿಯ ಒತ್ತಡದ ದೀಪ ಹೊತ್ತಿಕೊಂಡರೆ ಗಾಬರಿ ಬೇಡ. ಒಂದು ಚಕ್ರ ಬೇರೆ ವೇಗದಲ್ಲಿ ತಿರುಗುವುದರಿಂದಲೂ ಹಾಗಾಗಬಹುದು.

ಕಿರಿದಾದ ತಾತ್ಕಾಲಿಕ ಚಕ್ರದ ಅಳತೆ 'ಟಿ' ಅಕ್ಷರದಿಂದ ಆರಂಭವಾಗುತ್ತದೆ. ಗಂಟೆಗೆ 80 ಕಿ.ಮೀ. ಮೀರಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ ಬೇಕಾದ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ಅಂದರೆ ಉಳಿದ ಟೈರುಗಳ ಸುಮಾರು ಎರಡರಷ್ಟು. ಪೆಟ್ರೋಲ್ ಬಂಕಿನ ಹುಡುಗ ಎಲ್ಲಕ್ಕೂ 33 ಹಾಕಿಬಿಡುತ್ತಾನೆ, ನಾವೇ ಹೇಳಬೇಕು. ಇಂಥ ಚಕ್ರ ಒಮ್ಮೆಗೆ ಒಂದೇ ಇರಲಿ.

ನಮ್ಮ ರಸ್ತೆಗಳ ವಿಷಯಕ್ಕೆ ಬಂದರೆ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೂ ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಸಂಜೆ ಟೈರಿನ ಗಾಳಿ ಇಳಿಯುತ್ತಿದೆ ಎನಿಸಿದರೆ ಗೇಟು ಮುಚ್ಚುವ ಮುಂಚೆ ದಾಟಿಬಿಡೋಣ ಎಂಬ ಆತುರ ಬೇಡ, ಗುಂಡ್ಲುಪೇಟೆಯಲ್ಲೇ ಸರಿಮಾಡಿಸಿ. ತಾಳವಾಡಿ, ಹಾಸನೂರು ಕಡೆಯವರಿಗೆ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಿವೆ. ಕಿರಿದಾದ ಟೈರು ಹಾಕಿಕೊಂಡು, ಬ್ರೇಕ್ ಒತ್ತುತ್ತಾ ಅದನ್ನು ಇಳಿಯುವುದಕ್ಕಿಂತ ಘಾಟಿಯಿಲ್ಲದ ಚಾಮರಾಜನಗರಕ್ಕೆ ತಿರುಗಿಸಿ ಪಂಕ್ಚರ್ ಹಾಕಿಸಿಕೊಳ್ಳುವುದು ಜಾಣತನ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಘಾಟಿಯಿಲ್ಲ, ಬಿಸಿಲಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಅಲ್ಲಿ, ಗಾಳಿ ಕಡಿಮೆಯಾದ ಸ್ಟೆಪ್ನಿಯನ್ನು ನೇರ ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಒಯ್ದರೆ ಟೈರು ಸಿಡಿಯುವ ಅಪಾಯವಿದೆ.

ಪಂಕ್ಚರ್ ಅಂಗಡಿಯವರಿಗೆ ಇದನ್ನೆಲ್ಲ ವಿವರಿಸಲು ಭಾಷೆ ತೊಡಕಾಗದು. ಮಲಯಾಳ, ತಮಿಳು, ಮರಾಠಿ, ತೆಲುಗು ಎಲ್ಲದರಲ್ಲೂ ಸ್ಟೆಪ್ನಿ ಎಂದರೆ ಸ್ಟೆಪ್ನಿಯೇ. ಅದು ವೇಲ್ಸ್‌ನ ಲ್ಲಾನೆಲ್ಲಿ ಪಟ್ಟಣದ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಬಿಗಿಯಬಹುದಾದ, ಕಡ್ಡಿಗಳಿಲ್ಲದ, ಗಾಳಿ ತುಂಬಿದ ರಿಮ್ ತಯಾರಿಸಿದರು. ಮೊದಲ ಸ್ಟೆಪ್ನಿಯೇ ಓಡುವ ಚಕ್ರದಂತಿರಲಿಲ್ಲ!

ನಟ್ಟುಗಳನ್ನೂ ಗಮನಿಸಬೇಕು. ಕೆಲವು ಕಾರುಗಳಲ್ಲಿ ಅಲಾಯ್‌ಗೆ ಒಂದು ಬಗೆ, ಉಕ್ಕಿನ ಚಕ್ರಕ್ಕೆ ಇನ್ನೊಂದು ಬಗೆ. ಅಲಾಯ್‌ನ ಉದ್ದದ ಬೋಲ್ಟನ್ನು ತೆಳುವಾದ ಉಕ್ಕಿನ ರಿಮ್ಮಿಗೆ ಹಾಕಿದರೆ ಬಿಗಿಯಾದಂತೆ ಕಂಡರೂ ಚಕ್ರ ಸಡಿಲವೇ ಇರಬಹುದು. ಎದುರುಬದುರು ಕ್ರಮದಲ್ಲಿ ಬಿಗಿದು, ಐವತ್ತು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಮನೆಯ ಮುಂದೆ ಒಮ್ಮೆ ಹಾಕಿ ನೋಡಿದರೆ ಸ್ಪಾನರ್ ಹೊಂದುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಆಗಲೇ ಟೈರಿನ ವಯಸ್ಸನ್ನೂ ನೋಡಿ: ಬದಿಯಲ್ಲಿ 2319 ಎಂದಿದ್ದರೆ 2019ರ 23ನೆಯ ವಾರದ ತಯಾರಿಕೆ. ಓಡಿಸದೇ ಇಟ್ಟಿದ್ದರೂ ಹತ್ತು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ ಹಲವು ಟೈರು ತಯಾರಕರು.

ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲದ ಕಾರುಗಳೂ ಈಗ ಬಂದಿವೆ. ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರದ ನಿಯಮ ತಿದ್ದುಪಡಿಯಾಯಿತು. ಆ ಕಿಟ್ ಮೊಳೆ ಚುಚ್ಚಿದ ತೂತಿಗೆ ಸಾಕು, ಟೈರಿನ ಬದಿ ಸೀಳಿದರೆ ಸಾಲದು. ಅಂಥ ಕಾರಿನಲ್ಲಿ ಹೊರಡುವವರು ಗಾಡಿ ಎಳೆಸುವ ಸೇವೆಯ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಾಡಿನ ರಸ್ತೆಯಲ್ಲಿ ಇಂಟರ್ನೆಟ್ ಸಿಗುವ ಖಾತ್ರಿಯಿಲ್ಲ.