ಬ್ಯಾಟರಿ ಕಾಟ ಹೋಯಿತು, ಡಬ್ಬಿಯ ಕಾಟ ಬಂತು

ಟ್ರಾನ್ಸಿಸ್ಟರ್ ರೇಡಿಯೋಗೆ ಸೆಲ್ ಕೊಂಡು ಕೊಂಡು ಬೇಸತ್ತವರಿಗೆ ಒಂದು ಕಾಲದಲ್ಲಿ ಅಂಗಡಿಯವರು ‘ಎಲಿಮಿನೇಟರ್’ ಎಂಬ ಪುಟ್ಟ ಡಬ್ಬಿ ಕೊಡುತ್ತಿದ್ದರು. ಪೂರ್ತಿ ಹೆಸರು ‘ಬ್ಯಾಟರಿ ಎಲಿಮಿನೇಟರ್’, ಅಂದರೆ ಬ್ಯಾಟರಿಯನ್ನು ತೊಲಗಿಸುವಂಥದ್ದು. ಇಂದಿನ ಅಡಾಪ್ಟರ್ ಅದರದೇ ಸಂತಾನ.

ಈ ಹೆಸರು 1920ರ ದಶಕದ ಅಮೆರಿಕದ್ದು. ಆಗಿನ ವಾಲ್ವ್ ರೇಡಿಯೋಗೆ ಎರಡು ಮೂರು ಬಗೆಯ ಬ್ಯಾಟರಿ ಬೇಕಿತ್ತು. ಅವುಗಳಲ್ಲೊಂದು ಆಸಿಡ್ ತುಂಬಿದ್ದು. ಚೆಲ್ಲಿದರೆ ನೆಲಹಾಸು ತೂತು. ಮನೆಯ ಕರೆಂಟಿನಿಂದಲೇ ರೇಡಿಯೋ ನಡೆಸುವ ಎಲಿಮಿನೇಟರ್ ಬಂದಾಗ ಜನ ಮುಗಿಬಿದ್ದು ಕೊಂಡರು. ತಮಾಷೆಯೆಂದರೆ, ಅದನ್ನು ಮಾರಿದವರಲ್ಲಿ ಬ್ಯಾಟರಿ ತಯಾರಿಸುತ್ತಿದ್ದ ಫಿಲ್ಕೊ ಕಂಪನಿಯೂ ಇತ್ತು. ದಶಕ ಮುಗಿಯುವಷ್ಟರಲ್ಲಿ ಆ ಭಾಗವೆಲ್ಲ ರೇಡಿಯೋ ಪೆಟ್ಟಿಗೆಯ ಒಳಗೇ ಸೇರಿತು. ಬಳಸುವವರಿಗೆ ಉಳಿದದ್ದು ಒಂದು ವೈರು, ಒಂದು ಪ್ಲಗ್ಗು ಮಾತ್ರ.

ಹಾಗೆ ಒಳಹೋದದ್ದು ಮತ್ತೆ ಹೊರಬಂದದ್ದು ಕ್ಯಾಲ್ಕುಲೇಟರ್, ಟೇಪ್ ರೆಕಾರ್ಡರ್‌ಗಳ ಕಾಲಕ್ಕೆ. ಇದರಲ್ಲಿ ಹೆಚ್ಚಿನ ಲಾಭ ತಯಾರಕರದೇ. ಭಾರವಾದ ಟ್ರಾನ್ಸ್‌ಫಾರ್ಮರ್ ಹೊರಗಿದ್ದರೆ ಉಪಕರಣ ತೆಳ್ಳಗಾಗುತ್ತದೆ, ಬಿಸಿಯಾಗುವುದಿಲ್ಲ. ಅಮೆರಿಕದ 120 ವೋಲ್ಟ್, ಜಪಾನಿನ 100, ನಮ್ಮ 230 ಎಂದು ಬೇರೆ ಬೇರೆ ಉಪಕರಣ ಮಾಡಬೇಕಿಲ್ಲ. ಡಬ್ಬಿ ಬದಲಿಸಿದರೆ ಸಾಕು. ಹೆಚ್ಚಿನ ವೋಲ್ಟೇಜಿನ ಸುರಕ್ಷತಾ ಪರೀಕ್ಷೆಯೂ ಡಬ್ಬಿಗಷ್ಟೇ.

ತಾಪತ್ರಯ ಗ್ರಾಹಕನ ಪಾಲಿಗೆ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದು ಡಬ್ಬಿ ಕೂತರೆ ಪಕ್ಕದ ತೂತುಗಳೂ ಮುಚ್ಚಿಹೋಗುತ್ತವೆ. ಸಾಕೆಟ್ ಸ್ವಲ್ಪ ಸಡಿಲವಿದ್ದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಇಷ್ಟಾದರೆ ಸಹಿಸಬಹುದಿತ್ತು. ತುದಿಯ ಪಿನ್ ಒಂದೇ ಅಳತೆಯದಾಗಿದ್ದರೂ ವೋಲ್ಟೇಜ್ ಬೇರೆ ಇರಬಹುದು. ಹೆಚ್ಚಿನವುಗಳಲ್ಲಿ ಪಿನ್ನಿನ ನಡುಭಾಗ ಪ್ಲಸ್. ಗಿಟಾರ್ ಪೆಡಲ್‌ಗಳಲ್ಲಿ, ಕ್ಯಾಸಿಯೊದ ಹಲವು ಹಳೆಯ ಕೀಬೋರ್ಡ್‌ಗಳಲ್ಲಿ ಅದೇ ಮೈನಸ್. ಪಿನ್ ಸಲೀಸಾಗಿ ಕೂತಿತೆಂದು ಸ್ವಿಚ್ ಒತ್ತಿ ಸಾವಿರಾರು ರೂಪಾಯಿಯ ವಾದ್ಯ ಸುಟ್ಟುಕೊಂಡವರಿದ್ದಾರೆ. ಹಳೆಯ ಡಬ್ಬಿಯ ಮೇಲಿನ ಬರಹವನ್ನೂ ಪೂರ್ತಿ ನಂಬುವಂತಿರಲಿಲ್ಲ: 9 ವೋಲ್ಟ್ ಎಂದಿದ್ದರೂ, ಏನನ್ನೂ ಜೋಡಿಸದೆ ಮೀಟರ್ ಹಿಡಿದರೆ 12ಕ್ಕೂ ಮೀರಿ ತೋರಿಸುವುದುಂಟು. ರೇಡಿಯೋ ಆರಿಸಿ ಮಲಗಿದರೂ ಡಬ್ಬಿ ಬೆಚ್ಚಗೇ ಇರುತ್ತಿತ್ತು, ಅಂದರೆ ಅಷ್ಟು ಕರೆಂಟು ಪೋಲು.

ಇದನ್ನು ತಗ್ಗಿಸುವ ತಂತ್ರ ಮೊದಲೇ ಇತ್ತು, ತಯಾರಕರಿಗೆ ಅವಸರವಿರಲಿಲ್ಲ. ಸುಮ್ಮನೆ ಕೂತಾಗ ಅಡಾಪ್ಟರ್ ಅರ್ಧ ವ್ಯಾಟ್ ಮೀರಿ ಉಣ್ಣಬಾರದೆಂಬ ಅಮೆರಿಕದ ಕಾನೂನು 2008ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿ ಕಬ್ಬಿಣದ ಭಾರದ ಡಬ್ಬಿಗಳು ಹಿಂದೆ ಸರಿದು, ಹಗುರವಾದ ಎಲೆಕ್ಟ್ರಾನಿಕ್ ಅಡಾಪ್ಟರ್‌ಗಳು ಬಂದವು.

ಪಿನ್ನಿನ ಜಗಳಕ್ಕೂ ಕಾನೂನೇ ಬೇಕಾಯಿತು. 2009ರಲ್ಲಿ ಯುರೋಪಿನಲ್ಲಿ ಮೊಬೈಲ್ ಕಂಪನಿಗಳು ಮೈಕ್ರೊ ಯುಎಸ್‌ಬಿಗೆ ತಾವಾಗಿ ಒಪ್ಪಿದವು. ಆಪಲ್ ಕೂಡ ಸಹಿ ಹಾಕಿತು. ಆದರೆ ಫೋನಿನ ತೂತು ಬದಲಿಸದೆ, ನಡುವೆ ಸಿಕ್ಕಿಸುವ ಇನ್ನೊಂದು ತುಂಡನ್ನು ಮಾರಿತು. ಅಡಾಪ್ಟರ್‌ಗೇ ಅಡಾಪ್ಟರ್! ಕೊನೆಗೆ 2022ರಲ್ಲಿ ಯುರೋಪಿಯನ್ ಒಕ್ಕೂಟ ಕಾಯ್ದೆ ಮಾಡಿತು. 2023ರಲ್ಲಿ ಐಫೋನ್ ಟೈಪ್-ಸಿಗೆ ಬದಲಾಯಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಅದು ಕಡ್ಡಾಯವಾಯಿತು. ಅಲ್ಲಿಗೆ ಮಾಡಿದ ಮಾದರಿಯೇ ನಮ್ಮ ಮಾರುಕಟ್ಟೆಗೂ ಬರುತ್ತದೆ.

ಇಂಟರ್‌ನೆಟ್ ರೂಟರ್ ಮಾತ್ರ ಹೆಚ್ಚಿನ ಮನೆಗಳಲ್ಲಿ ಇನ್ನೂ ತನ್ನದೇ ದುಂಡು ಪಿನ್ನಿನ ಡಬ್ಬಿಯೊಂದಿಗೆ ಗೋಡೆಗೆ ಜೋತುಬಿದ್ದಿದೆ.