ಎರಡು ಮನೆ, ಒಂದು ಕಾರು

ನಿಂಗಳ ಲೈಸೆನ್ಸಿನ ಒಂದರಿ ತೆಗದು ನೋಡಿ, ಯಾವ ಮನೆಯ ವಿಳಾಸ ಇದ್ದು ಅದರ್ಲಿ? ಎನ್ನದರ್ಲಿ 2012 ರ ವರೆಗೂ ಅಪ್ಪನ ಮನೆದೇ ಇತ್ತಿದ್ದು. ಮದುವೆಂದ ಮದಲು, 1992 ರಲ್ಲಿ ಮಂಗಳೂರಿಲಿ ತೆಗದ್ದು. 20 ವರ್ಷ ಕಪಾಟಿಲಿ ಚಿನ್ನದ ಒಟ್ಟಿಂಗೆ ಜಾಗ್ರತೆಲಿ ಮಡಗಿತ್ತಿದ್ದೆ. ಅವಧಿ ಮುಗುದು ಹೊಸತ್ತು ಮಾಡ್ಸುಲೆ ಹೋದಪ್ಪಗಳೇ ಗೊಂತಾದ್ದು, ಸರಕಾರದ ಲೆಕ್ಕಲ್ಲಿ ಆನಿನ್ನೂ ಅಪ್ಪನ ಮನೆಲೇ ಇದ್ದೆ ಹೇಳಿ!

ಲೈಸೆನ್ಸಿನದ್ದು ನೆಗೆ ಮಾಡಿ ಬಿಡ್ಲಕ್ಕು. ಎಲ್ಲಿ ತೆಗದರೂ ಅದು ಇಡೀ ದೇಶಲ್ಲಿ ನಡೆತ್ತು. ಕಾರಿಂದು ಹಾಂಗಲ್ಲ. ಎಂಗಳ ಕಾರು ಕೆ.ಎಲ್. 14, ಹೇಳಿರೆ ಕಾಸರಗೋಡಿನ ನಂಬರು. ತೋಟ, ದನ, ದೇವರಮನೆ ಎಲ್ಲ ಅಲ್ಲಿ. ಮಗ°, ಸೊಸೆ, ಪುಳ್ಳಿ ಬೆಂಗ್ಳೂರಿಲಿ. ಅಡಕ್ಕೆ ಕೊಯಿವಗ ಊರಿಲಿ, ಪುಳ್ಳಿಗೆ ಜ್ವರ ಬಂದರೆ ಬೆಂಗ್ಳೂರಿಲಿ. ಕಾರೂ ಎಂಗಳ ಒಟ್ಟಿಂಗೆ ಘಟ್ಟ ಹತ್ತಿ ಇಳಿತ್ತು.

ಈ ಉಪದ್ರ ಎಲ್ಲಿಂದ ಸುರು ಆತು ಹೇಳಿ ನೋಡಿರೆ 1956 ಕ್ಕೆ ಹೋಯೆಕ್ಕು. ಅದರಿಂದ ಮದಲು ಕಾಸರಗೋಡು, ಮಂಗಳೂರು, ಪುತ್ತೂರು ಎಲ್ಲ ಮದ್ರಾಸಿಂಗೆ ಸೇರಿದ ದಕ್ಷಿಣ ಕೆನರಾ ಜಿಲ್ಲೆಲೇ ಇತ್ತಿದ್ದು. ನವೆಂಬರ 1 ಕ್ಕೆ ಕಾಸರಗೋಡು ಕೇರಳಕ್ಕೆ ಹೋತು, ಒಳುದ್ದು ಮೈಸೂರಿಂಗೆ. ಪುತ್ತೂರಿಂಗೆ ಹೋಪದು ಹೇಳಿರೆ ಮದಲು ನೆರೆಕರೆಗೆ ಹೋದ ಹಾಂಗೆ ಹೇಳಿ ಮಾವ° ಹೇಳುಗು. ನೆಂಟ್ರು ಅದೇ ನೆಂಟ್ರು, ಮಾರ್ಗ ಅದೇ ಮಾರ್ಗ, ಆದರೆ ಗಾಡಿಗೆ ಮಾಂತ್ರ ಅದು ಪರರಾಜ್ಯ.

ಮೋಟಾರು ಕಾನೂನಿಂಗೆ ಇದರಿಂದಲೂ ಹಳೆ ಚರಿತ್ರೆ ಇದ್ದು. ಬ್ರಿಟಿಷರು 1914 ರಲ್ಲಿ ಒಂದು ಮಾಡಿದವು, ಮತ್ತೆ 1939 ರಲ್ಲಿ ಇನ್ನೊಂದು. ಈಗಾಣದ್ದು 1988 ರದ್ದು, ಜಾರಿಗೆ ಬಂದದು 1989 ರ ಜುಲೈ 1 ಕ್ಕೆ. ಯಜಮಾನನ ಮನೆಯೋ ವ್ಯಾಪಾರವೋ ಇದ್ದುಗೊಂಡು ಗಾಡಿ ‘ಸಾಮಾನ್ಯವಾಗಿ’ ಎಲ್ಲಿ ನಿಲ್ಲುತ್ತೋ ಅಲ್ಲಿ ಅದರ ರಿಜಿಸ್ಟ್ರಿ ಮಾಡ್ಸೆಕ್ಕು ಹೇಳಿ ಅದರ್ಲಿ ಬರದ್ದವು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇಪ್ಪವು ಎಂತ ಹೇಳೆಕ್ಕು? ಕಾನೂನು ಬರದವಕ್ಕೆಲ್ಲ ಒಂದೇ ಮನೆ ಇತ್ತಿದ್ದೋ ಏನೋ. ವಿಳಾಸ ಬದಲಿರೆ 30 ದಿನದೊಳ ತಿಳುಶೆಕ್ಕು. ಇನ್ನೊಂದು ರಾಜ್ಯಲ್ಲಿ 12 ತಿಂಗಳಿಂದ ಹೆಚ್ಚು ಮಡಗಿರೆ ಅಲ್ಲಿಯ ನಂಬರು ಮಾಡ್ಸೆಕ್ಕು. 2014 ರಲ್ಲಿ ಕರ್ನಾಟಕಲ್ಲಿ, ಹೆರರಾಜ್ಯದ ಗಾಡಿ 30 ದಿನಂದ ಹೆಚ್ಚು ನಿಂದರೆ ಜೀವಮಾನದ ತೆರಿಗೆ ಕೊಡೆಕ್ಕು ಹೇಳಿ ತಂದವು. ಗಾಡಿಯವು ಹೈಕೋರ್ಟಿಂಗೆ ಹೋದವು. ಆ ಸಮಯಲ್ಲಿ ಇವು ಬೆಂಗ್ಳೂರಿಲಿ ಪೋಲೀಸಿನ ಕಂಡರೆ ಕಾರು ತಿರುಗುಸಿ ಬೇರೆ ಓಣಿಲಿ ಹೋಪದು.

ಇನ್ಶೂರೆನ್ಸು ಕಡ್ಡಾಯ ಆದ ಕತೆಯ ಓದಿಯಪ್ಪಗ ಎನಗೆ ಆಶ್ಚರ್ಯ ಆತು. ಇಂಗ್ಲೆಂಡಿಲಿ 1930 ರ ರಸ್ತೆ ಕಾನೂನಿಲಿ ಮಾಡಿದವು. ನಮ್ಮಲ್ಲಿ 1939 ರ ಕಾನೂನಿಲಿ ಬರದವು, ಆದರೆ ಆ ಅಧ್ಯಾಯ ಜಾರಿಗೆ ಬಂದದು 1946 ರ ಜುಲೈ 1 ಕ್ಕೆ. ಅಷ್ಟು ವರ್ಷ ಕಾಗದಲ್ಲೇ ಒರಗಿತ್ತಿದ್ದು! ಮತ್ತೆ ಈ ಕಡ್ಡಾಯದ್ದು ನಮ್ಮ ಕಾರಿಂಗೆ ಬೇಕಾಗಿ ಅಲ್ಲ, ಮಾರ್ಗಲ್ಲಿ ಹೋಪವಕ್ಕೆ ಬೇಕಾಗಿ. ಗಾಡಿಯವನ ಕೈಲಿ ಪೈಸೆ ಇಲ್ಲದ್ದರೂ ಪೆಟ್ಟಾದವಂಗೆ ಪರಿಹಾರ ಸಿಕ್ಕೆಕ್ಕು ಹೇಳಿ.

ಅದರ ಅರ್ಥ ಎಂಗೊಗೆ ಆದ್ದು 2016 ರಲ್ಲಿ. ಪಾಲಿಸಿಲಿ ಇದ್ದದು ಬೆಂಗ್ಳೂರಿನ ಹಳೆ ಬಾಡಿಗೆ ಮನೆಯ ವಿಳಾಸ. ಎಂಗೊ ಅದರ ಬಿಟ್ಟು ಎರಡು ವರ್ಷ ಆಗಿತ್ತು. ನೆಂಪು ಮಾಡುವ ಕಾಗದ ಅಲ್ಲಿಗೆ ಹೋತು, ಆರು ತೆಕ್ಕೊಂಡವೋ! ಊರಿಲಿ ಒಂದು ದಿನ ಹೊತ್ತೋಪಗ ತಿರುಗಾಸಿಲಿ ಇವರ ಕಾರು ಒಂದು ಸ್ಕೂಟರಿಂಗೆ ತಾಗಿತ್ತು. ಕಾಲೇಜಿಂಗೆ ಹೋಪ ಮಾಣಿ, ಕಾಲು ಮುರುದತ್ತು. ಇರುಳು ಕಾಗದ ಹುಡ್ಕುವಗ ಗೊಂತಾತು, ಪಾಲಿಸಿ ಮುಗುದು ಒಂಭತ್ತು ದಿನ ಆಯಿದು. ಇವು ಕುರ್ಶಿಲಿ ಕೂದವು ಏಳಿದ್ದವಿಲ್ಲೆ. ಆ ವರ್ಷದ ಅಡಕ್ಕೆ ಪೈಸೆ ಮಾಣಿಯ ಆಸ್ಪತ್ರೆಗೆ, ಒಳುದ್ದು ಕೋರ್ಟಿಂಗೆ. ಕಂಪೆನಿಯವರ ಬೈದು ಎಂತ ಮಾಡುದು, ವಿಳಾಸ ಬದಲಿದ್ದರ ಹೇಳದ್ದವು ಎಂಗಳೇ. ಮಾಣಿಯ ಅಬ್ಬೆ ಎನ್ನ ಕೈ ಹಿಡುದು, “ಅವ° ನಡದರೆ ಸಾಕಕ್ಕಾ” ಹೇಳಿತ್ತು. ಈಗ ನಡೆತ್ತ°, ರಜ ಕುಂಟು ಒಳುದ್ದು.

ಬೆಂಗ್ಳೂರಿನ ವಿಳಾಸ ಕೊಟ್ಟರೆ ಕಂತು ಹೆಚ್ಚಕ್ಕು ಹೇಳಿ ಹೆದರುವವು ಇದ್ದವು. ಕಾರಿನ ಸ್ವಂತ ನಷ್ಟದ ಹಳೆ ದರಪಟ್ಟಿಲಿ ಬೆಂಗ್ಳೂರು, ಚೆನ್ನೈ, ಮುಂಬೈ ಹೀಂಗಿಪ್ಪ ಎಂಟು ಪೇಟೆ ‘ಎ’ ವಲಯ, ಒಳುದ್ದೆಲ್ಲ ‘ಬಿ’. ಆದರೆ ವಲಯ ನೋಡುದು ಗಾಡಿ ರಿಜಿಸ್ಟ್ರಿ ಆದ ಜಾಗೆಂದ, ಕಾಗದ ಬಪ್ಪ ವಿಳಾಸಂದ ಅಲ್ಲ. 2021 ರಲ್ಲಿ ಬಿ.ಎಚ್. ನಂಬರು ಬಂತು, ರಾಜ್ಯ ಬದಲಿರೂ ನಂಬರು ಬದಲುಸೆಡ. ಅದು ಸರಕಾರಿ ನೌಕರರಿಂಗೂ ನಾಲ್ಕೋ ಹೆಚ್ಚೋ ರಾಜ್ಯಲ್ಲಿ ಆಫೀಸಿಪ್ಪ ಕಂಪೆನಿಯವಕ್ಕೂ. ತೋಟ ಒಂದು ರಾಜ್ಯಲ್ಲಿ, ಪುಳ್ಳಿ ಒಂದು ರಾಜ್ಯಲ್ಲಿ ಇಪ್ಪವಕ್ಕೆ ಸಿಕ್ಕ.

ಈಗ ಆರ್.ಸಿ.ಲಿ ತೋಟದ ಮನೆ, ಪಾಲಿಸಿಲಿ ಮಗನ ಮನೆ ಮತ್ತೆ ಎನ್ನ ಫೋನಿನ ನಂಬರು. ಮುಗಿವ ತಾರೀಕಿನ ಎರಡೂ ಅಡಿಗೆಮನೆಯ ಕ್ಯಾಲೆಂಡರಿಲಿ ಕೆಂಪು ಪೆನ್ನಿಲಿ ಬರದ್ದೆ. ಕಾರು ವರ್ಷದೊಳ ಊರಿಂಗೆ ಹೋಗಿದ್ದು ಹೇಳ್ಲೆ ಸಾಕ್ಷಿ ಬೇಕನ್ನೇ, ಹಾಂಗಾಗಿ ಊರಿನ ಗ್ಯಾರೇಜಿನ ಬಿಲ್ಲುಗಳ ಹಾರ್ಲಿಕ್ಸ್ ಕುಪ್ಪಿಲಿ ಹಾಕಿ ಮಡಗುದು. ಜೀರಿಗೆ ಕುಪ್ಪಿಯ ಹತ್ತರೆ ಇದ್ದು.